ಸೆವಾರಾಳ ಪಾಲಿನ ಹತ್ತಿ

ತಾಷ್ಕೆಂಟಿಗೆ ಬಂದು ಹದಿನೇಳು ದಿನವಾಗಿತ್ತು. ಹುಲ್ಕರ್‌ಳ ಎಡಗಾಲಿನ ಬೂಟು ಬಾಯಿ ಬಿಟ್ಟಿತ್ತು. ಒಂಬತ್ತು ಆಸ್ಪತ್ರೆಗಳ ಮೆಟ್ಟಿಲು ಹತ್ತಿಳಿದ ಬೂಟು ಅದು. ಕೈಚೀಲದಲ್ಲಿ ತಾಯಿ ಇಸ್ತ್ರಿ ಮಾಡಿ ಕೊಟ್ಟ ಬಿಳಿ ಕೋಟಿತ್ತು. ಅದರ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಕೋಟಿನ ಕೆಳಗೆ ತೆರ್ಮೆಜಿನ ನರ್ಸಿಂಗ್ ಕಾಲೇಜು ಕೊಟ್ಟ ಡಿಪ್ಲೊಮಾ. ಅದರ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಅರ್ಧ ರೊಟ್ಟಿ. ಸಂಜೆಯವರೆಗೆ ಅಷ್ಟೇ.

ಎಲ್ಲ ಕಡೆಯೂ ಒಂದೇ ಪ್ರಶ್ನೆ ಕೇಳಿದ್ದರು. ಪಾಸ್‌ಪೋರ್ಟಿನಲ್ಲಿ ಈ ಪಟ್ಟಣದಲ್ಲಿ ವಾಸಿಸುವ ಅನುಮತಿಯ ಮೊಹರು ಇದೆಯಾ? ಮೊಹರಿಲ್ಲದವಳಿಗೆ ಕೆಲಸ ಕೊಡುವುದು ಕಾನೂನಿಗೆ ವಿರುದ್ಧ. ಮೊಹರು ಹಾಕುವ ಕಚೇರಿಗೆ ಹೋದರೆ ಕಿಟಕಿಯೊಳಗಿನ ಗಂಡಸು ಕೇಳಿದ, "ಕೆಲಸ ಇದೆಯಾ?" ಕೆಲಸವಿಲ್ಲದವಳಿಗೆ ಮೊಹರು ಹಾಕುವುದೂ ಕಾನೂನಿಗೆ ವಿರುದ್ಧ.

"ಹಂಗಾರ ಮೊದಲ ಯಾವ್ದು ತರಬೇಕ್ರಿ?" ಎಂದಿದ್ದಳು ಹುಲ್ಕರ್.

"ಎರಡನ್ನೂ ಒಟ್ಟಿಗೆ ತಗೊಂಡ್ ಬಾ," ಎಂದು ಅವನು ಕಿಟಕಿ ಎಳೆದುಕೊಂಡಿದ್ದ.

ಊರಿಗೆ ಮರಳುವಂತಿರಲಿಲ್ಲ. ಬೊಯ್ಸುನ್‌ನ ಬೆಟ್ಟದ ಚಿಕಿತ್ಸಾಲಯದಲ್ಲಿ ಇದ್ದದ್ದು ಎರಡು ಹುದ್ದೆ, ಅವನ್ನು ಆರು ಜನ ನರ್ಸುಗಳು ಸರದಿಯಲ್ಲಿ ಹಂಚಿಕೊಂಡಿದ್ದರು. ಇಲ್ಲಿ ಪಟ್ಟಣದ ಅಂಚಿನ ಒಂದು ಕೋಣೆಯಲ್ಲಿ ಐದು ಹೆಂಗಸರು ಮಲಗುತ್ತಿದ್ದರು. ಐವರಿಗೂ ಮೊಹರಿಲ್ಲ. ಪೊಲೀಸಿನವನು ಬೀದಿಗೆ ಬಂದ ಸುದ್ದಿ ಸಿಕ್ಕರೆ ಹಿತ್ತಿಲ ಗೋಡೆ ಹಾರಿ ಹೋಗಿ ಸಂತೆಯಲ್ಲಿ ಕುಳಿತಿರಬೇಕು. ತಮ್ಮದೇ ದೇಶದ ರಾಜಧಾನಿಯಲ್ಲಿ ಕಳ್ಳರ ಹಾಗೆ.

ಹತ್ತನೆಯ ಆಸ್ಪತ್ರೆಯಲ್ಲಿ ಮಾತ್ರ ಹೆಡ್ ನರ್ಸ್ ಮುನವ್ವರ್ ಓಪಾ ಮೊಹರಿನ ವಿಷಯ ಎತ್ತಲಿಲ್ಲ. ಐವತ್ತರ ಹೆಂಗಸು, ಎಲ್ಲರಿಗೂ ಓಪಾ, ಅಂದರೆ ಅಕ್ಕ. ಕಣ್ಣ ಕೆಳಗೆ ಬಾವು, ಕೊರಳಲ್ಲಿ ಕನ್ನಡಕದ ದಾರ. ಡಿಪ್ಲೊಮಾವನ್ನು ನೋಡಲೂ ಇಲ್ಲ. ಹುಲ್ಕರ್‌ಳ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದರು.

"ಯಾವ ಕಡೆಯೋಳು?"

"ಬೊಯ್ಸುನ್ ಕಡೀದಾಕಿ ರಿ, ಓಪಾ."

"ಅದು ಬಾಯಿ ಬಿಟ್ಟ ಕೂಡ್ಲೇ ಗೊತ್ತಾಯ್ತು ಬಿಡು. ಹತ್ತಿ ಬಿಡಿಸಿದ್ದೀಯಾ?"

"ಎರಡನೇ ಈಯತ್ತೆಯಿಂದ ಬಿಡಸೀನ್ರಿ. ಎಲ್ಲಾರೂ ಬಿಡಸ್ತಾರಲ್ರಿ."

"ದಿನಕ್ಕೆ ಎಷ್ಟು?"

"ಹೊಲ ಚಲೋ ಇದ್ರ ಎಪ್ಪತ್ತು ಕಿಲೋ."

ಮುನವ್ವರ್ ಓಪಾ ಮೊದಲ ಬಾರಿಗೆ ಅವಳ ಮುಖ ನೋಡಿದರು. "ಕೂತ್ಕೋ ಮಗಳೆ. ಚಹಾ ಕುಡೀತೀಯಾ?"

ಚಹಾ ಕುಡಿಯುತ್ತ ವಿಷಯ ಹೊರಬಿತ್ತು. ಸರಕಾರದ ಹತ್ತಿ ಹೊಲಗಳಲ್ಲಿ ಅರಳಿ ನಿಂತಿದೆ. ಪ್ರತಿ ವರ್ಷದಂತೆ ಸರಕಾರದ ಅಪ್ಪಣೆಯ ಮೇಲೆ ಅರ್ಧ ಆಸ್ಪತ್ರೆ ಹತ್ತಿ ಬಿಡಿಸಲು ಹೋಗಬೇಕು. ಶಸ್ತ್ರಚಿಕಿತ್ಸೆ ವಾರ್ಡಿನ ಸೆವಾರಾ ಪಟ್ಟಿಯಲ್ಲಿದ್ದಾಳೆ. ಆದರೆ ಸೆವಾರಾ ದೊಡ್ಡ ಡಾಕ್ಟರ ಹೆಂಡತಿಯ ತಂಗಿ ಮಗಳು. ಮುಂದಿನ ತಿಂಗಳು ಮದುವೆ. ಮದುಮಗಳ ಕೈ ಗೀರಬಾರದು.

"ನೀನು ಸೆವಾರಾ ಆಗಿ ಹೋಗ್ತೀಯ, ಹುಲ್ಕರ್ ಆಗಿ ವಾಪಸ್ ಬರ್ತೀಯ. ನವೆಂಬರ್ ಒಂದಕ್ಕೆ ನಿಂಗೆ ಕೆಲಸದ ಪುಸ್ತಕ ತೆರೀತೀನಿ. ಮೊದಲನೇ ಪುಟದಲ್ಲೇ ನರ್ಸ್ ಅಂತ ಬರೆದು ಆಸ್ಪತ್ರೆ ಮೊಹರು ಒತ್ತಿ ಕೊಡ್ತೀನಿ. ಅದನ್ನ ತೋರಿಸಿದ್ರೆ ಪಟ್ಟಣದ ಮೊಹರು ತಾನಾಗೇ ಬೀಳುತ್ತೆ. ಆಯ್ತಾ?"

ಹುಲ್ಕರ್ ಲೆಕ್ಕ ಹಾಕಿದಳು. ಒಂದು ಪುಸ್ತಕ, ಒಂದು ಸಾಲು, ಒಂದು ಮೊಹರು. ಅದಕ್ಕೇ ಅಲ್ಲವೇ ಅಮ್ಮ ಆಕಳು ಮಾರಿ ಓದಿಸಿದ್ದು.

"ಆಯ್ತ್ರಿ ಓಪಾ."

"ಡಿಪ್ಲೊಮಾ ಇಲ್ಲೇ ಇರಲಿ. ನನ್ನ ಡ್ರಾದಲ್ಲಿ ಭದ್ರವಾಗಿರುತ್ತೆ."

"ಚೀಟಿ ಏನಾರ ಬರದು ಕೊಡ್ತೀರೇನ್ರಿ?"

"ನನ್ನ ಮಾತಿಗೆ ಚೀಟಿ ಬೇಕಾ ಮಗಳೆ?"

ಕೇಳಿದ್ದಕ್ಕೆ ಹುಲ್ಕರ್‌ಗೇ ನಾಚಿಕೆಯಾಯಿತು. ಬಡವರ ಮಕ್ಕಳಿಗೆ ಚೀಟಿ ಕೇಳಲು ನಾಚಿಕೆಯಾಗುವ ಹಾಗೆ ಬೆಳೆಸಿರುತ್ತಾರೆ. ಕೊಡಬೇಕಾದವರಿಗೆ ಎಂದೂ ನಾಚಿಕೆಯಾಗದ ಹಾಗೆ ಬೆಳೆಸಿರುತ್ತಾರೆ.

*

ಹತ್ತಿ ಬಿಡಿಸುವವರ ಕ್ಯಾಂಪು ಮಿರ್ಜಾಚೊಲ್‌ನ ಬಯಲಿನ ಒಂದು ಹಳೆಯ ಶಾಲೆ. ಅದರ ತರಗತಿಗಳ ನೆಲಕ್ಕೆ ಹುಲ್ಲು ಹಾಸಿದ್ದರು. ಒಂದೊಂದು ಕೋಣೆಯಲ್ಲಿ ಮೂವತ್ತು ಹೆಂಗಸರು. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು, ಬರದ ದಿನ ಕಾಲುವೆಯದು. ಎರಡು ಹೊತ್ತು ಶಾವಿಗೆ ತೇಲುವ ನೀರುಸಾರು. ಬೆಳಗಿನ ಇಬ್ಬನಿ ಆರುವ ಮುಂಚೆ ಹೊಲಕ್ಕಿಳಿಯಬೇಕು, ಏಕೆಂದರೆ ಒದ್ದೆ ಹತ್ತಿ ಹೆಚ್ಚು ತೂಗುತ್ತದೆ.

ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವ ಎರ್ಗಾಷ್ ಇಲ್ಲಿ ಮೇಸ್ತ್ರಿ. ದಿನಾ ಬೆಳಿಗ್ಗೆ ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದ.

"ಸೆವಾರಾ!"

"ಇದ್ದೀನ್ರಿ," ಎನ್ನುತ್ತಿದ್ದಳು ಹುಲ್ಕರ್.

ಮೊದಲ ದಿನ ಅವಳ ಪಕ್ಕದ ಸಾಲಿನಲ್ಲಿದ್ದ ಮುದುಕಿ ಕಿಸಕ್ಕನೆ ನಕ್ಕಿದ್ದಳು. "ಸೆವಾರಾನ ಕೈ ಬಾಳ ಕಪ್ಪಾಗ್ಯಾವು ನೋಡು. ಮದವಿ ಗಂಡು ಓಡಿ ಹೋದಾನು."

ಅವಳು ಬಿಬಿಸಾರಾ. ಇಪ್ಪತ್ತಾರು ವರ್ಷದಿಂದ ಅದೇ ಆಸ್ಪತ್ರೆಯ ನೆಲ ಒರೆಸುತ್ತಿದ್ದವಳು. ತಾನೂ ಒಂದು ಕಾಲಕ್ಕೆ ದಕ್ಷಿಣದ ಹಳ್ಳಿಯಿಂದ ಬಂದವಳಾದ್ದರಿಂದ ಹುಲ್ಕರ್‌ಳ ಮಾತು ಕೇಳಿದೊಡನೆ ಕರುಳು ಚುರುಕ್ಕೆಂದಿತ್ತು.

"ಖರೆ ಹೆಸರೇನವ್ವ ನಿಂದು?"

"ಹುಲ್ಕರ್."

"ಹುಲ್ಕರ್. ಚಲೋ ಹೆಸರೈತಿ. ಹಿಂಗ ಆವಾಗಾವಾಗ ಕರೀತಿರ್ತೀನಿ, ಇಲ್ಲಾಂದ್ರ ನೀನ ಮರ್ತುಬಿಡ್ತಿ."

"ನೀವು ಯಾರ ಹೆಸರಾಗ ಬಂದೀರಿ, ಓಪಾ?"

"ನನ್ನ ಹೆಸರಾಗ ನಾನ ಬಂದೀನಿ. ನನ್ನ ಬದಲಿ ಬರೂವಷ್ಟು ಬಡವರು ತಾಷ್ಕೆಂಟಿನಾಗ ಸಿಗಲಿಲ್ಲ."

ಅಕ್ಕಪಕ್ಕದ ಸಾಲಿನವರೆಲ್ಲ ನಕ್ಕರು. ಬಿಬಿಸಾರಾಗೆ ಒಬ್ಬಳೇ ಮಗಳು, ಮುಹಬ್ಬತ್. ಶಾಲೆಯ ಟೀಚರ್. ಅವಳೂ ಆ ಹೊತ್ತಿಗೆ ಬೇರೊಂದು ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು. "ನಾ ಆಸ್ಪತ್ರಿ ಪಾಲಿನಾಕಿ, ಆಕಿ ಸಾಲಿ ಪಾಲಿನಾಕಿ. ಮನ್ಯಾಗ ಬೆಕ್ಕು ಒಂದ ಉಳದೈತಿ. ಅದಕ್ಕ ಕೈ ಇಲ್ಲ ನೋಡು, ಅದಕ್ಕ ಬಿಟ್ಟಾರ," ಎನ್ನುತ್ತಿದ್ದಳು ಬಿಬಿಸಾರಾ. "ಈ ಹಾಳು ಹತ್ತಿ ಮುಗೀಲಿ. ನಮ್ಮ ಮನೀಗಿ ಬಾ. ಹಳೇ ರೊಟ್ಟಿ ಒಲಿ ಸಾಲಿನ ಹಿಂದ, ನೀಲಿ ಬಾಗಲಾ. ಪಲಾವ್ ಮಾಡಿ ಹಾಕ್ತೀನಿ."

ಹುಲ್ಕರ್ ಬಿಡಿಸಿದ ಹತ್ತಿಯೆಲ್ಲ ಸೆವಾರಾಳ ಲೆಕ್ಕಕ್ಕೆ ಹೋಗುತ್ತಿತ್ತು. ಹದಿನೈದನೆಯ ದಿನ ಎರ್ಗಾಷ್ ಎಲ್ಲರೆದುರು ಓದಿ ಹೇಳಿದ. ಆಸ್ಪತ್ರೆಗೆ ಸೆವಾರಾಳೇ ಮೊದಲು. ಅವಳ ಫೋಟೋ ಆಸ್ಪತ್ರೆಯ ಗೌರವ ಫಲಕಕ್ಕೆ ಏರುತ್ತದೆ. ಚಪ್ಪಾಳೆ ತಟ್ಟಿದರು. ಹುಲ್ಕರ್ ಕೂಡ ತಟ್ಟಿದಳು.

ಬಿಬಿಸಾರಾಳ ಪಾದಗಳು ಊದಿದ್ದನ್ನು ಅವಳು ಮೂವತ್ತನೆಯ ದಿನ ಗಮನಿಸಿದಳು. ಬೆರಳಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಕ್ಯಾಂಪಿನ ಔಷಧದ ಪೆಟ್ಟಿಗೆಯಿಂದ ಬಿಪಿ ಯಂತ್ರ ತಂದು ನೋಡಿದಳು. ಎರಡು ನೂರು ದಾಟಿತ್ತು. ಎರ್ಗಾಷ್‌ನ ಹತ್ತಿರ ಹೋಗಿ ಅಣ್ಣ ಎಂದೇ ಕರೆದಳು.

"ಆಕಾ, ಬಿಬಿಸಾರಾ ಓಪಾನ್ನ ಪಟ್ಟಣಕ್ಕ ಕಳಸ್ರಿ. ಬಿಪಿ ಬಾಳ ಐತ್ರಿ."

"ಎಲ್ಲರಿಗೂ ಇದೆ. ನನಗೂ ಇದೆ."

"ಕ್ಯಾಂಪಿನ ಡಾಕ್ಟರಿಗಾದ್ರೂ ತೋರಸ್ರಿ."

"ಡಾಕ್ಟರು ಜಿಲ್ಲೆ ಮೀಟಿಂಗಿಗೆ ಹೋಗಿದಾರೆ. ಬಂದ ಮೇಲೆ ನೋಡೋಣ. ನಿಂಗ್ಯಾಕೆ ಇದೆಲ್ಲ ಸೆವಾರಾ? ನೀನು ಬಿಡಿಸೋದು ಬಿಡಿಸು."

"ನಾನು ನರ್ಸ್ ಅದೀನ್ರಿ."

"ಸೆವಾರಾ ನರ್ಸು," ಎಂದ ಎರ್ಗಾಷ್, ನಗುತ್ತ. "ನೀನು ಯಾರೋ ನಂಗೆ ಗೊತ್ತಿಲ್ಲ."

ಡಾಕ್ಟರು ಬರಲಿಲ್ಲ.

*

ಮೂವತ್ತೆಂಟನೆಯ ದಿನ. ಬಿಸಿಲು ನೆತ್ತಿಗೆ ಬರುತ್ತಿತ್ತು. ಸಾಲಿನ ನಡುವೆ ಬಿಬಿಸಾರಾ ತಲೆ ಹಿಡಿದುಕೊಂಡು ನಿಂತಳು. "ಹುಲ್ಕರ್, ಕಣ್ಣ ಮುಂದ ಬರೇ ಹತ್ತಿ ಹಾರಾಕತ್ತೈತಲ್ಲ," ಎಂದಳು. ಮೊಣಕಾಲೂರಿ ವಾಂತಿ ಮಾಡಿದಳು. ಹಾಗೇ ಪಕ್ಕಕ್ಕೆ ವಾಲಿದಳು.

ಹುಲ್ಕರ್ ಓಡಿ ಬಂದಾಗ ಅವಳ ಬಾಯಿಯ ಎಡಗಡೆ ಜೋತಿತ್ತು. ಬಲಗೈ ಮಾತ್ರ ಸೊಂಟಕ್ಕೆ ಕಟ್ಟಿದ ಹತ್ತಿಯ ಉಡಿಯನ್ನು ಬಿಗಿಯಾಗಿ ಹಿಡಿದಿತ್ತು, ಚೆಲ್ಲಬಾರದೆಂದು. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ಪೆಟಿಗಿ ತರ್ರಿ! ಯಾರಾರ ಪೆಟಿಗಿ ತರ್ರಿ!"

ಬಿಪಿ ಎರಡು ನೂರ ನಲವತ್ತು.  ಹುಲ್ಕರ್ ಕಾಲೇಜಿನಲ್ಲಿ ಕಲಿಸಿದ ಹಾಗೆ ಅವಳನ್ನು ಪಕ್ಕಕ್ಕೆ ಹೊರಳಿಸಿದಳು. ಬಾಯಿ ಒರೆಸಿದಳು. ಕುತ್ತಿಗೆಯ ಗುಂಡಿ ಬಿಚ್ಚಿದಳು. ಬಿಪಿ ಇಳಿಸುವ ಮ್ಯಾಗ್ನೀಸಿಯಾ ಹತ್ತು ಮಿಲಿ ಸಿರಿಂಜಿಗೆ ಎಳೆದು ಸೊಂಟಕ್ಕೆ ಕೊಟ್ಟಳು. ಆಮೇಲೆ ಪೆಟ್ಟಿಗೆಯಲ್ಲಿದ್ದ ರಿಜಿಸ್ಟರು ತೆಗೆದು ಬರೆದಳು. ಯಾರೂ ಬರೆ ಎಂದಿರಲಿಲ್ಲ. ತೆರ್ಮೆಜಿನಲ್ಲಿ ಮೂರು ವರ್ಷ ಟೀಚರು ಬರೆಸಿದ ರೂಢಿ ಅದು. ದಿನ, ಹೊತ್ತು, ರೋಗಿಯ ಹೆಸರು, ಔಷಧ, ಪ್ರಮಾಣ, ಕೊಟ್ಟವಳ ಹೆಸರು. ಕೊಟ್ಟವಳ ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ಎಲ್ಲೂ ನಿಲ್ಲಲಿಲ್ಲ. ಹುಲ್ಕರ್, ನರ್ಸ್. ಸಹಿ.

ತನ್ನ ಕಸುಬಿನಲ್ಲಿ ಅವಳು ಹಾಕಿದ ಮೊದಲ ಸಹಿ. ಮುಂದೆ ಅವಳಿಗಾದ ಕೆಟ್ಟದ್ದೆಲ್ಲ ಅದರಿಂದಲೇ.

ಆಂಬುಲೆನ್ಸ್ ಇರಲಿಲ್ಲ. ಹತ್ತಿ ತುಂಬಿದ ಟ್ರಾಕ್ಟರ್ ಟ್ರೇಲರು ತೂಕದ ಕೇಂದ್ರಕ್ಕೆ ಹೊರಟಿತ್ತು, ಅದರಾಚೆ ಜಿಲ್ಲಾ ಆಸ್ಪತ್ರೆ. ಬಿಬಿಸಾರಾಳನ್ನು ಹತ್ತಿಯ ಮೇಲೆ ಮಲಗಿಸಿದರು. ಹುಲ್ಕರ್ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ತೂಕದ ಕೇಂದ್ರದ ಮುಂದೆ ಹನ್ನೊಂದು ಟ್ರೇಲರುಗಳು ಸಾಲಾಗಿ ನಿಂತಿದ್ದವು.

"ಸಾಲು ಬಿಟ್ಟು ಹೋಗಪ್ಪಾ," ಎಂದು ಹುಲ್ಕರ್ ಮೇಲಿನಿಂದ ಕೂಗಿದಳು. "ಮೊದಲ ಆಸ್ಪತ್ರಿಗಿ ಹೋಗು. ಆಮ್ಯಾಲ ಬಂದು ತೂಗಸು."

"ತೂಕ ಆಗದೆ ಹತ್ತಿ ಈ ಗೇಟಿಂದ ಆಚೆ ಹೋದ್ರೆ ನಾನು ಜೈಲಿಗೆ ಹೋಗ್ತೀನಿ ತಾಯಿ," ಎಂದ ಡ್ರೈವರ್. ಅವನ ದನಿಯಲ್ಲೂ ಅಳುವಿತ್ತು. "ನಂಗೆ ನಾಲ್ಕು ಮಕ್ಕಳು."

ಬೇರೆ ಗಾಡಿ ಇರಲಿಲ್ಲ. ಹುಲ್ಕರ್ ಇಳಿದು ಓಡಿದಳು. ಮುಂದಿನ ಗಾಡಿಗಳ ಡ್ರೈವರರ ಕಾಲು ಒಬ್ಬೊಬ್ಬರದಾಗಿ ಹಿಡಿದಳು. ಆರು ಜನ ಪಕ್ಕಕ್ಕೆ ಸರಿದು ಕೊಟ್ಟರು. ಏಳನೆಯವನು ಕಾಗದ ತೋರಿಸಿ ತಲೆ ಅಲ್ಲಾಡಿಸಿದ. ಅವನ ಮುಂದಿನ ನಾಲ್ಕು ಟ್ರೇಲರು, ಆಮೇಲೆ ಅವನದು ತೂಗಿ ಮುಗಿಯುವ ಹೊತ್ತಿಗೆ ಬಿಬಿಸಾರಾಳ ಉಸಿರು ನಿಂತಿತ್ತು.

ತೂಕದವನು ಮೇಲೆ ನೋಡಿದ. "ಮನುಷ್ಯರನ್ನ ಇಳಿಸಿ. ತೂಕ ತಪ್ಪುತ್ತೆ."

ಇಳಿಸಿದರು.

*

ಮಾರನೆಯ ದಿನವೇ ಹುಲ್ಕರ್‌ಳನ್ನು ಕ್ಯಾಂಪಿನಿಂದ ತಾಷ್ಕೆಂಟಿಗೆ ಕರೆಸಿಕೊಂಡರು. ಆಸ್ಪತ್ರೆಯ ಮೊಗಸಾಲೆಯ ಗೌರವ ಫಲಕದಲ್ಲಿ ಸೆವಾರಾ ನಗುತ್ತಿದ್ದಳು. ಬಿಳಿ ಕೋಟು, ಉದ್ದ ಬೆರಳು, ಕೆಳಗೆ ಬಂಗಾರದ ಅಕ್ಷರಗಳಲ್ಲಿ ಕಿಲೋಗಳು.

ಮುನವ್ವರ್ ಓಪಾರ ಮೇಜಿನ ಮೇಲೆ ಹೊಲದ ರಿಜಿಸ್ಟರು ತೆರೆದಿತ್ತು.

"ಯಾಕೆ ಸಹಿ ಹಾಕ್ದೆ?"

"ಇಂಜೆಕ್ಷನ್ ಕೊಟ್ಟೀನಲ್ರಿ."

"ಕೊಡೋದು ಬೇರೆ, ಬರಿಯೋದು ಬೇರೆ. ಹುಲ್ಕರ್ ಅನ್ನೋಳು ಹೊಲದಲ್ಲಿ ಇರಲೇ ಇಲ್ಲ. ಇದ್ದೋಳು ಸೆವಾರಾ. ನಿಂಗೆ ಅಷ್ಟೂ ತಿಳೀಲಿಲ್ವಾ?" ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ಹಾಳೆಯನ್ನು ಹರಿದು ನಾಲ್ಕು ಚೂರು ಮಾಡಿ ಕಿಸೆಗೆ ಹಾಕಿಕೊಂಡರು. ಅದರಲ್ಲಿ ಸಿಟ್ಟಿರಲಿಲ್ಲ. ಬ್ಯಾಂಡೇಜು ಹರಿಯುವಷ್ಟೇ ಸಲೀಸು.

"ಕೇಳು ಮಗಳೆ. ಹೊಲಕ್ಕೆ ಯಾರನ್ನೂ ಒತ್ತಾಯದಿಂದ ಕಳಿಸಿಲ್ಲ, ಕಾಯಿಲೆಯವರನ್ನಂತೂ ಕಳಿಸೇ ಇಲ್ಲ ಅಂತ ದೊಡ್ಡ ಡಾಕ್ಟರು ಬರೆದು ಕೊಟ್ಟಿದಾರೆ. ಹಾಗಾಗಿ ಬಿಬಿಸಾರಾ ಹೊಲಕ್ಕೆ ಹೋಗಿಲ್ಲ. ಇಲ್ಲೇ ಕಾರಿಡಾರ್ ಒರೆಸ್ತಿದ್ಲು, ಬಿದ್ಲು. ಡ್ಯೂಟಿ ನರ್ಸು ನೋಡಿದ್ಲು, ಉಳಿಸೋಕಾಗ್ಲಿಲ್ಲ. ಮನೆಯವರಿಗೂ ಹಾಗೇ ಹೇಳಿದೀವಿ."

ಅವರು ಎರಡು ವಸ್ತು ಮುಂದಿಟ್ಟರು. ಒಂದು ವಾರ್ಡಿನ ರಿಜಿಸ್ಟರು, ಎಲ್ಲ ಬರೆದಿತ್ತು, ಡ್ಯೂಟಿ ನರ್ಸಿನ ಸಹಿಯ ಜಾಗ ಮಾತ್ರ ಖಾಲಿ. ಇನ್ನೊಂದು ಹೊಸ ಕೆಲಸದ ಪುಸ್ತಕ. ಮೊದಲ ಪುಟದಲ್ಲಿ ಹುಲ್ಕರ್‌ಳ ಹೆಸರು, ತಂದೆಯ ಹೆಸರು. ಕೆಳಗೆ ದುಂಡು ಅಕ್ಷರದಲ್ಲಿ 'ನರ್ಸ್ ಹುದ್ದೆಗೆ ನೇಮಕ', ಹಿಂದಕ್ಕೆ ಹಾಕಿದ ಅಕ್ಟೋಬರ್ ಒಂದರ ತಾರೀಖು. ನೀಲಿ ಮೊಹರು ಇನ್ನೂ ಹಸಿ.

ಅವಳು ಅದನ್ನೇ ನೋಡುತ್ತ ನಿಂತಳು. ಮೊಹರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು.

"ಅರವತ್ತು ಮಂದಿ ನೋಡ್ಯಾರ್ರಿ, ಓಪಾ."

"ಅರವತ್ತು ಜನಕ್ಕೂ ಕೆಲಸ ಇದೆ. ಅದಕ್ಕೇ ಅವರು ಏನೂ ನೋಡಿಲ್ಲ. ನಿಂಗೆ ಇನ್ನೂ ಇಲ್ಲ ನೋಡು, ಅದಕ್ಕೇ ಕಾಣ್ತಿದೆ." ಮುನವ್ವರ್ ಓಪಾ ದನಿ ತಗ್ಗಿಸಿದರು. "ಬಿಬಿಸಾರಾ ನಂಗೂ ಇಪ್ಪತ್ತು ವರ್ಷದ ಗೆಳತಿ. ನನ್ನ ಬಾಣಂತನದಲ್ಲಿ ನನ್ನ ಬಟ್ಟೆ ಒಗೆದಿದಾಳೆ. ನಾನು ಅತ್ರೆ ಅವಳು ಎದ್ದು ಬರ್ತಾಳಾ? ಹಾಕು."

ಹುಲ್ಕರ್ ಪೆನ್ನು ತೆಗೆದುಕೊಂಡಳು. ಅಮ್ಮನ ನೆನಪಾಯಿತು. ಮಾರಿದ ಆಕಳ ಖಾಲಿ ಗೂಟ ನೆನಪಾಯಿತು. ಸಹಿಯ ಜಾಗದ ಮೇಲೆ ಪೆನ್ನಿನ ಮೊನೆ ಇಟ್ಟಳು. ಅಲ್ಲಿ ಒಂದು ನೀಲಿ ಚುಕ್ಕೆ ಮೂಡಿತು. ಹೊಲದಲ್ಲಿ ಎಲ್ಲೂ ನಿಲ್ಲದ ಪೆನ್ನು ಇಲ್ಲಿ ಮುಂದೆ ಹೋಗಲಿಲ್ಲ.

ಅವಳು ಪೆನ್ನನ್ನು ಮೇಲಕ್ಕೆ ಸರಿಸಿದಳು. 'ಕಾರಿಡಾರ್' ಎಂಬ ಪದ ಹೊಡೆದು 'ಹತ್ತಿ ಹೊಲ' ಎಂದು ಬರೆದಳು. 'ವಾರ್ಡಿನಲ್ಲಿ ಮರಣ' ಎಂಬುದನ್ನು ಹೊಡೆದು 'ತೂಕದ ಸಾಲಿನಲ್ಲಿ' ಎಂದು ಬರೆದಳು. ಆಮೇಲೆ ಸಹಿ ಹಾಕಿದಳು.

ಮುನವ್ವರ್ ಓಪಾ ಅವಳ ಕೈಯಿಂದ ಪೆನ್ನು ತೆಗೆದುಕೊಂಡರು. ಕೆಲಸದ ಪುಸ್ತಕವನ್ನು ಎಳೆದುಕೊಂಡು ಡ್ರಾಕ್ಕೆ ಹಾಕಿದರು. ಡಿಪ್ಲೊಮಾ ಅಲ್ಲೇ ಇತ್ತು, ಅವಳಿಗೆ ಕಾಣುವಂತೆ. ಡ್ರಾ ಮುಚ್ಚಿ ಕೀಲಿ ತಿರುಗಿಸಿದರು.

"ನನ್ನ ಡಿಪ್ಲೊಮಾ ಕೊಡ್ರಿ."

"ನೀನು ಬಾಯಿ ಮುಚ್ಚಿರೋಷ್ಟು ದಿನ ಅದು ಭದ್ರವಾಗಿರುತ್ತೆ. ವರ್ಷ ಕಳೆದ ಮೇಲೆ ಬಾ. ಯಾರ ಹತ್ರ ಆದ್ರೂ ಬಾಯಿ ಬಿಟ್ಯೋ, ಒಲೆಗೆ ಹಾಕ್ತೀನಿ. ನಿನ್ನ ಪಾಸ್‌ಪೋರ್ಟಲ್ಲಿ ಮೊಹರಿಲ್ಲ ಅನ್ನೋದು ಪೊಲೀಸಿಗೂ ಹೇಳ್ತೀನಿ. ಸಂಜೆ ಬಸ್ಸಿಗೆ ಊರಿಗೆ ಹೋಗು."

ಅವರು ಆ ಹಾಳೆಯನ್ನೂ ಹರಿದು ಕಿಸೆಗೆ ಹಾಕಿಕೊಂಡರು. ಹೊಸ ಹಾಳೆಯಲ್ಲಿ ಮತ್ತೆ ಮೊದಲಿನಿಂದ ಬರೆಯಲು ಶುರು ಮಾಡಿದರು.

ಹೊರಗಿನ ಬೆಂಚಿನ ಮೇಲೆ ಒಬ್ಬ ಹುಡುಗಿ ಕುಳಿತಿದ್ದಳು. ತೊಡೆಯ ಮೇಲೆ ಕೈಚೀಲ. ಅದರ ಬಾಯಿಂದ ಇಸ್ತ್ರಿ ಮಾಡಿದ ಬಿಳಿ ಕೋಟಿನ ತೋಳು ಇಣುಕುತ್ತಿತ್ತು.

"ಓಪಾ, ಇಲ್ಲಿ ಮೊಹರು ಕೇಳ್ತಾರಾ?" ಎಂದಳು ಹುಡುಗಿ.

"ಕೇಳಂಗಿಲ್ಲ." ಹುಲ್ಕರ್ ಅವಳ ಮುಂದೆ ಕುಳಿತಳು. "ತಂಗಿ, ಒಳಗ ಒಂದು ರಿಜಿಸ್ಟರಿಗೆ ಸಹಿ ಹಾಕು ಅಂತಾರ. ನೀ ನೋಡಲಾರದ ಸಾವದು. ಹಾಕಬ್ಯಾಡ."

"ಹಾಕಿದ್ರೆ ಕೆಲಸ ಕೊಡ್ತಾರಾ?"

ಹುಲ್ಕರ್‌ಗೆ ಸುಳ್ಳು ಹೇಳಲಾಗಲಿಲ್ಲ. "ಕೊಡ್ತಾರ."

ಹುಡುಗಿ ತನ್ನ ಬೂಟು ನೋಡಿಕೊಂಡಳು. ಒಳಗಿನಿಂದ ಮುನವ್ವರ್ ಓಪಾರ ದನಿ ಬಂತು. "ಯಾರಮ್ಮ ಅಲ್ಲಿ? ಬಾ ಮಗಳೆ. ಚಹಾ ಕುಡೀತೀಯಾ?"

ಹುಡುಗಿ ಎದ್ದು ಒಳಗೆ ಹೋದಳು. ಹುಲ್ಕರ್‌ಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಮೆಟ್ಟಿಲ ತನಕ ಹೋಗುವಷ್ಟರಲ್ಲಿ ಹಿಂದಿನಿಂದ ಮೊಹರು ಒತ್ತಿದ ಸದ್ದು ಕೇಳಿಸಿತು.

*

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಹುಲ್ಕರ್ ಬಸ್ ನಿಲ್ದಾಣಕ್ಕೆ ಹೋಗಲಿಲ್ಲ. ಹಳೆಯ ರೊಟ್ಟಿ ಒಲೆಗಳ ಸಾಲಿನ ಹಿಂದೆ ನೀಲಿ ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನಲ್ಲಿ ಸೊಂಟಕ್ಕೆ ವಸ್ತ್ರ ಕಟ್ಟಿದ ಗಂಡಸರು ಸಾವಿನ ಮನೆಗೆ ಬರುವವರನ್ನು ಎದುರುಗೊಳ್ಳುತ್ತಿದ್ದರು. ಒಳ ಅಂಗಳದಲ್ಲಿ ಹೆಂಗಸರು. ಅವರ ನಡುವೆ ಕಪ್ಪು ನೀಲಿ ಉಡುಪಿನಲ್ಲಿ ಮುಹಬ್ಬತ್. ಅವಳ ಬೆರಳುಗಳಲ್ಲೂ ಹತ್ತಿಯ ಗೀರುಗಳಿದ್ದವು.

"ನೀವು ಆಸ್ಪತ್ರೆಯವರಾ?" ಎಂದಳು ಮುಹಬ್ಬತ್. "ಅಮ್ಮ ಕಾರಿಡಾರಲ್ಲಿ ಬಿದ್ರಂತೆ. ಆದ್ರೆ ಮೈ ತೊಳೆದವರು ಹೇಳ್ತಾರೆ, ಕೂದಲ ತುಂಬ ಹತ್ತಿ ಇತ್ತು ಅಂತ."

ಹೆಂಗಸರೆಲ್ಲ ಹುಲ್ಕರ್‌ಳ ಕಡೆ ತಿರುಗಿದರು. ಹುಲ್ಕರ್‌ಳ ಕಣ್ಣ ಮುಂದೆ ಕೀಲಿ ಹಾಕಿದ ಡ್ರಾ ಬಂತು.

"ನಿಮ್ಮ ಹತ್ರ ಬರಿಯೋ ಪುಸ್ತಕ ಐತೇನ್ರಿ?"

ಮುಹಬ್ಬತ್ ಒಳಗಿನಿಂದ ಶಾಲೆಯ ನೋಟುಬುಕ್ಕು ತಂದಳು. ಹುಲ್ಕರ್ ಹೇಳಿದಳು, ಮುಹಬ್ಬತ್ ಬರೆದಳು. ದಿನ. ಹೊತ್ತು. ಬಿಬಿಸಾರಾ, ನೆಲ ಒರೆಸುವಾಕಿ. ಹತ್ತಿ ಹೊಲದ ಸಾಲಿನಾಗ ಬಿದ್ದದ್ದು. ಬಿಪಿ ಎರಡು ನೂರ ನಲವತ್ತು. ಮ್ಯಾಗ್ನೀಸಿಯಾ ಹತ್ತು ಮಿಲಿ. ಮುಂದ ಹನ್ನೊಂದು ಟ್ರೇಲರು. ಬರೆಯುವವಳ ಕೈ ಎರಡು ಬಾರಿ ನಿಂತಿತು, ಎರಡು ಬಾರಿಯೂ ಮತ್ತೆ ಬರೆಯಿತು.

"ಔಷಧ ಕೊಟ್ಟವರ ಹೆಸರು?"

"ಹುಲ್ಕರ್. ಬೊಯ್ಸುನ್‌ದಾಕಿ. ನರ್ಸ್."

ಅವಳು ನೋಟುಬುಕ್ಕು ತೆಗೆದುಕೊಂಡು ಸಹಿ ಹಾಕಿದಳು. ಹಿಂದಿರುಗಿಸಲು ಕೈ ಚಾಚಿದಾಗ ಮೂಲೆಯಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಗೋಡೆ ಹಿಡಿದು ಎದ್ದು ನಿಂತಳು.

"ಮುಚ್ಚಬ್ಯಾಡವ್ವ ಅದನ್ನ," ಎಂದಳು. "ನನ್ನ ಸೊಸಿ ಹ್ವಾದ ವರ್ಷ ಹೊಲದಾಗ ಸತ್ಲು. ಮನ್ಯಾಗ ಸತ್ಲು ಅಂತ ಬರಕೊಟ್ಟಾರ. ಆಕೀದೂ ಬರಿ."